ತಕ್ಕಡಿಯಲ್ಲಿ ತೂಗುವ ತುತ್ತು

ಕನ್ನಡನಾಡಿನ ಊಟದಲ್ಲಿ ಯಜಮಾನಿಕೆ ಧಾನ್ಯದ್ದು. ಮಂಡ್ಯದ ಕಡೆಯವರಿಗೆ ರಾಗಿಮುದ್ದೆ, ಕಲಬುರಗಿಯವರಿಗೆ ಜೋಳದ ರೊಟ್ಟಿ, ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ. ಪಲ್ಯ, ಸಾರು, ಚಟ್ನಿ, ತುಪ್ಪ ಎಲ್ಲವೂ ಅದರ ಜೊತೆಗಾರರು. 'ನೆಂಚಿಕೊಳ್ಳಲು ಏನಿದೆ?' ಎಂಬ ಪ್ರಶ್ನೆಯಲ್ಲೇ ಅವುಗಳ ಸ್ಥಾನ ಗೊತ್ತಾಗುತ್ತದೆ. ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಿ, ಅನ್ನ ಮುದ್ದೆ ರೊಟ್ಟಿಗಳನ್ನು ತಟ್ಟೆಯಿಂದ ತೆಗೆದು, ತುಪ್ಪ, ಎಣ್ಣೆ, ತೆಂಗಿನಕಾಯಿಗಳನ್ನೇ ಊಟವೆಂದು ಬಡಿಸಬೇಕಾದ ಮನೆಗಳೂ ಇವೆ. ದೊಡ್ಡವರು ತೂಕ ಇಳಿಸಲು ಮಾಡುವ ಪ್ರಯೋಗದ ಮಾತು ಇದಲ್ಲ. ಔಷಧಕ್ಕೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ವೈದ್ಯರು ಬರೆದುಕೊಡುವ ಚಿಕಿತ್ಸೆ ಇದು. ಹೆಸರು ಕೀಟೋಜನಿಕ್ ಪಥ್ಯ.

ಬೊಮ್ಮನಹಳ್ಳಿಯಂಥ ಕಡೆ ಈ ಪಥ್ಯ ಹೇಗೆ ನಡೆದೀತು ಎಂದು ಯೋಚಿಸಿ ನೋಡಿ. ಹೊಸೂರು ರಸ್ತೆಯ ಆಚೀಚೆ ಗಾರ್ಮೆಂಟ್ಸ್ ಕಾರ್ಖಾನೆಗಳು, ಅವುಗಳ ಹಿಂದಿನ ಗಲ್ಲಿಗಳಲ್ಲಿ ಒಂದು ಕೋಣೆ, ಒಂದು ಚಿಕ್ಕ ಅಡುಗೆಮನೆಯ ಬಾಡಿಗೆ ಮನೆಗಳು. ಬೆಳಿಗ್ಗೆ ಒಂಬತ್ತರೊಳಗೆ ಗೇಟು ದಾಟಬೇಕಾದ ತಾಯಿ, ಪಾಳಿಯ ಕೆಲಸದ ತಂದೆ, ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜಿ. ಮಿದುಳು ಮತ್ತು ನರರೋಗಗಳಿಗೆ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಅದೇ ಹೊಸೂರು ರಸ್ತೆಯಲ್ಲಿದೆ, ದೂರವೇನಲ್ಲ. ಆದರೆ ಈ ಚಿಕಿತ್ಸೆ ಆರಂಭವಾಗುವುದಷ್ಟೇ ಆಸ್ಪತ್ರೆಯಲ್ಲಿ. ದಿನದಿನವೂ ನಡೆಯಬೇಕಾದದ್ದು ಮನೆಯ ಒಲೆಯ ಮೇಲೆ. ಇದಕ್ಕೆ ಅಡುಗೆಮನೆಯೇ ಔಷಧದಂಗಡಿ, ಅಡುಗೆ ಮಾಡುವವರೇ ಕಂಪೌಂಡರ್.

ಯಾರಿಗೆ ಈ ಪಥ್ಯ?

ಮೂರ್ಛೆರೋಗ ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ತಜ್ಞರು 1993-95ರಲ್ಲಿ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಈ ರೋಗ ಕಂಡುಬಂತು. ಹಳ್ಳಿಗಳಲ್ಲಿ ಅದರ ಪ್ರಮಾಣ ನಗರದ ಎರಡರಷ್ಟಿತ್ತು.

ಇವರಲ್ಲಿ ಹೆಚ್ಚಿನವರಿಗೆ ಸಾಮಾನ್ಯ ಮಾತ್ರೆಗಳೇ ಸಾಕು. ಬೆಂಗಳೂರಿನ ನರತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಪ್ರಕಟಿಸಿತು. ಸರಿಯಾದ ಔಷಧ ಸರಿಯಾಗಿ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬಾಳಬಲ್ಲರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ಮೊದಲ ಮಾತು: ಮಾತ್ರೆ ಕೆಲಸ ಮಾಡುತ್ತಿದ್ದರೆ ಪಥ್ಯದ ಗೊಡವೆ ಬೇಡ.

ಕಷ್ಟ ಇರುವುದು ಉಳಿದ ಮೂವತ್ತು ಮಂದಿಯದು. ರೋಗಕ್ಕೆ ತಕ್ಕ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎನ್ನುತ್ತಾರೆ. ದಿನಕ್ಕೆ ಹತ್ತಾರು ಬಾರಿ ಬೀಳುವ, ಕಲಿತ ಮಾತನ್ನೂ ನಡಿಗೆಯನ್ನೂ ಕಳೆದುಕೊಳ್ಳುವ ಮಕ್ಕಳು ಈ ಗುಂಪಿನಲ್ಲಿರುತ್ತಾರೆ. ಇಂಥವರಿಗೆ ಪಥ್ಯ ಒಂದು ದಾರಿ. ರಕ್ತದ ಗ್ಲೂಕೋಸನ್ನು ಮಿದುಳಿಗೆ ಸಾಗಿಸುವ ವಾಹಕವೇ ಹುಟ್ಟಿನಿಂದ ಕೆಟ್ಟಿರುವ ಅಪರೂಪದ ರೋಗವೊಂದಿದೆ. ಅದರಲ್ಲಂತೂ ಈ ಪಥ್ಯವೇ ಮೊದಲ ಚಿಕಿತ್ಸೆ.

ಉಪವಾಸವಿಲ್ಲದ ಉಪವಾಸ

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2. ಆದರೆ ವಿಶ್ರಾಂತಿಯಲ್ಲಿರುವ ವಯಸ್ಕನ ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು; ಎಳೆಯ ಮಕ್ಕಳಲ್ಲಿ ಇನ್ನೂ ಹೆಚ್ಚು. ಅದರ ಮಾಮೂಲಿ ಇಂಧನ ಗ್ಲೂಕೋಸ್. ಅನ್ನ, ರಾಗಿ, ಸಕ್ಕರೆ, ಹಣ್ಣು ಎಲ್ಲದರ ಶರ್ಕರಪಿಷ್ಟವೂ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದು ಸಿಗದೇ ಹೋದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಪದಾರ್ಥಗಳನ್ನು ತಯಾರಿಸುತ್ತದೆ. ಕೊಬ್ಬನ್ನು ನೇರವಾಗಿ ಉರಿಸಲಾಗದ ಮಿದುಳು ಕೀಟೋನನ್ನು ಉರಿಸಬಲ್ಲದು. ದೀರ್ಘ ಉಪವಾಸದಲ್ಲಿ ಮನುಷ್ಯ ಬದುಕುಳಿಯುವುದೇ ಈ ಏರ್ಪಾಟಿನಿಂದ.

ಉಪವಾಸವಿದ್ದಾಗ ಫಿಟ್ಸ್ ಕಡಿಮೆಯಾಗುತ್ತದೆಂಬುದು ಹಳೆಯ ಅನುಭವ. ಮಗುವನ್ನು ಎಷ್ಟು ದಿನ ಉಪವಾಸ ಕೆಡವಲು ಸಾಧ್ಯ? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಒಂದು ಉಪಾಯ ಸೂಚಿಸಿದರು. ಊಟ ಕೊಡಿ, ಆದರೆ ದೇಹಕ್ಕೆ ಉಪವಾಸವೆಂದೇ ಅನ್ನಿಸುವಂತೆ ಕೊಡಿ. ಶರ್ಕರಪಿಷ್ಟ ತೀರಾ ಕಡಿಮೆ, ಕೊಬ್ಬು ತುಂಬ ಹೆಚ್ಚು. 'ಕೀಟೋಜನಿಕ್' ಎಂಬ ಹೆಸರನ್ನೂ ಅವರೇ ಇಟ್ಟರು. 1938ರಲ್ಲಿ ಫೆನಿಟಾಯಿನ್ ಬಂದ ಮೇಲೆ, ಮಾತ್ರೆ ನುಂಗುವ ಸುಲಭದ ಮುಂದೆ ತೂಗಿ ಉಣ್ಣಿಸುವ ಕಷ್ಟ ಮೂಲೆಗೆ ಸರಿಯಿತು. 1993ರಲ್ಲಿ ಹಾಲಿವುಡ್ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಪುಟ್ಟ ಮಗ ಚಾರ್ಲಿಗೆ ಯಾವ ಔಷಧವೂ ತಾಗದೆ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಪಥ್ಯದಿಂದ ಫಿಟ್ಸ್ ನಿಂತಾಗ ಜಗತ್ತು ಮತ್ತೆ ಇತ್ತ ತಿರುಗಿ ನೋಡಿತು.

ಒಬ್ಬ ಹುಡುಗನ ಕಥೆ ಪುರಾವೆಯಾಗುವುದಿಲ್ಲ. ಪುರಾವೆ ಬಂದದ್ದು 2008ರಲ್ಲಿ. ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ಪಥ್ಯ ಮಾಡಿದವರಲ್ಲಿ ನೂರಕ್ಕೆ 38 ಮಕ್ಕಳಿಗೆ ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮಾಡದವರಲ್ಲಿ 6 ಮಕ್ಕಳಿಗೆ ಮಾತ್ರ. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆ ಇದರ ಸಡಿಲ ರೂಪವಾದ 'ಮಾರ್ಪಡಿಸಿದ ಅಟ್ಕಿನ್ಸ್ ಪಥ್ಯ'ವನ್ನು 102 ಭಾರತೀಯ ಮಕ್ಕಳಲ್ಲಿ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಪಥ್ಯದವರಲ್ಲಿ ನೂರಕ್ಕೆ 52, ಉಳಿದವರಲ್ಲಿ 11.5. ಪವಾಡವೇನೂ ಅಲ್ಲ, ಹೆಚ್ಚುಕಡಿಮೆ ಅರ್ಧ ಮಕ್ಕಳಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಆದರೆ ಔಷಧಗಳೆಲ್ಲ ಸೋತ ಮೇಲೆ ಇಬ್ಬರಲ್ಲಿ ಒಬ್ಬರಿಗೆ ಇಷ್ಟು ದಕ್ಕಿದ್ದು ಸಣ್ಣ ಮಾತಲ್ಲ.

ಅಡುಗೆಮನೆಯ ಲೆಕ್ಕ

ಮೂಲ ಪಥ್ಯದ ಸೂತ್ರ 4ಕ್ಕೆ 1. ಅಂದರೆ ಪ್ರೋಟೀನ್ ಮತ್ತು ಶರ್ಕರಪಿಷ್ಟ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ. ಕೊಬ್ಬಿನ ಒಂದು ಗ್ರಾಂ 9 ಕ್ಯಾಲೊರಿ, ಉಳಿದೆರಡರದು 4. ಆಗ ಒಂದು ಘಟಕದಲ್ಲಿ 36 ಮತ್ತು 4, ಒಟ್ಟು 40 ಕ್ಯಾಲೊರಿ. ನೂರಕ್ಕೆ 90 ಕೊಬ್ಬಿನಿಂದಲೇ. ಮಗುವಿಗೆ ದಿನಕ್ಕೆ 1200 ಕ್ಯಾಲೊರಿ ಎಂದಿಟ್ಟುಕೊಂಡರೆ 30 ಘಟಕ: 120 ಗ್ರಾಂ ಕೊಬ್ಬು, 30 ಗ್ರಾಂ ಉಳಿದದ್ದು. ಬೆಳವಣಿಗೆಗೆ 18 ಗ್ರಾಂ ಪ್ರೋಟೀನ್ ತೆಗೆದಿಟ್ಟರೆ ಶರ್ಕರಪಿಷ್ಟಕ್ಕೆ ಉಳಿಯುವುದು 12 ಗ್ರಾಂ. ಮೂರು ಊಟಕ್ಕೆ ಹಂಚಿದರೆ ಊಟಕ್ಕೆ 4 ಗ್ರಾಂ.

ನಾಲ್ಕು ಗ್ರಾಂ ಎಂದರೆಷ್ಟು? ಒಂದು ಚಿಕ್ಕ ಚಮಚ ಸಕ್ಕರೆ 5 ಗ್ರಾಂ. ರಾಗಿಹಿಟ್ಟಿನ ನೂರು ಗ್ರಾಂನಲ್ಲಿ ಶರ್ಕರಪಿಷ್ಟ ಸುಮಾರು 70 ಗ್ರಾಂ, ಅಕ್ಕಿಯಲ್ಲಿ 78. ಒಂದು ಲೋಟ ಹಾಲಿನಲ್ಲೂ ಸುಮಾರು 10 ಗ್ರಾಂ ಹಾಲಿನ ಸಕ್ಕರೆ ಇದೆ. ಒಂದೇ ಒಂದು ಇಡ್ಲಿ ತಿಂದರೆ ದಿನದ ಲೆಕ್ಕ ಬಹುಪಾಲು ಮುಗಿಯಿತು. ಅದೇ ಸೋರೆಕಾಯಿ, ಬೂದುಗುಂಬಳ, ಸೌತೆಕಾಯಿ, ಪಡವಲಕಾಯಿ, ಹೂಕೋಸು, ಬದನೆಗಳ ನೂರು ಗ್ರಾಂನಲ್ಲಿ ಇರುವುದು 2ರಿಂದ 5 ಗ್ರಾಂ ಮಾತ್ರ. ಹೀಗಾಗಿ ಒಂದು ಊಟವೆಂದರೆ ಒಂದು ಮೊಟ್ಟೆ, ಒಂದು ಹಿಡಿ ತರಕಾರಿ, ಉಳಿದಂತೆ ಸುಮಾರು 35 ಗ್ರಾಂ ತುಪ್ಪ, ಎಣ್ಣೆ. ಇದು ಲೆಕ್ಕ ತಿಳಿಯಲು ಕೊಟ್ಟ ಉದಾಹರಣೆ ಅಷ್ಟೆ. ಪ್ರತಿ ಮಗುವಿನ ಅಳತೆಯನ್ನು ಆಸ್ಪತ್ರೆಯ ಆಹಾರತಜ್ಞರೇ ಬರೆದುಕೊಡಬೇಕು.

ಸಡಿಲ ರೂಪದ ಪಥ್ಯದಲ್ಲಿ ಪ್ರೋಟೀನಿಗೆ ಕಟ್ಟಿಲ್ಲ, ಶರ್ಕರಪಿಷ್ಟ ಮೊದಲಿಗೆ ದಿನಕ್ಕೆ 10 ಗ್ರಾಂ, ಜಿಡ್ಡು ಧಾರಾಳ. ತಕ್ಕಡಿಯ ಲೆಕ್ಕ ಓದುಬರಹ ಕಡಿಮೆಯಿರುವ ತಾಯ್ತಂದೆಯರಿಗೆ ಕಷ್ಟವೆಂದು ಕಂಡ ದೆಹಲಿಯ ಮಕ್ಕಳ ವೈದ್ಯರು, ಚಮಚ ಬಟ್ಟಲುಗಳ ಅಳತೆಯಲ್ಲೇ ನಡೆಸಬಹುದಾದ ಇನ್ನೂ ಸರಳವಾದ ಕ್ರಮವನ್ನು ರೂಪಿಸಿ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲೂ ಮಕ್ಕಳಿಗೆ ಪ್ರಯೋಜನ ಕಂಡಿತು. ಬೊಮ್ಮನಹಳ್ಳಿಯ ಬಾಡಿಗೆ ಮನೆಗೂ ಈ ಪಥ್ಯ ಬರಬಲ್ಲದು ಎನ್ನಲು ಇದೇ ಆಧಾರ.

ಲೆಕ್ಕ ಅದೇ, ರೂಪ ಬೇರೆ

ಪಥ್ಯ ಅರ್ಧಕ್ಕೆ ನಿಲ್ಲಲು ಫಲ ಕಾಣದಿರುವುದು ಒಂದು ಕಾರಣ. ಮಗು ಬಾಯಿ ಮುಚ್ಚಿ ಕೂರುವುದು ಇನ್ನೊಂದು. ದಿನವೂ ತುಪ್ಪದಲ್ಲಿ ತೇಲುವ ಆಮ್ಲೆಟ್ ಇಟ್ಟರೆ ಹತ್ತನೆಯ ದಿನ ಯಾವ ಮಗುವೂ ತಿನ್ನಲಾರದು. ತಿನ್ನದ ಔಷಧ ಕೆಲಸ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ರುಚಿಯ ಬದಲಾವಣೆ ಉಪಚಾರದ ಮಾತಲ್ಲ, ಚಿಕಿತ್ಸೆಯದೇ ಒಂದು ಭಾಗ. ತೂಕಗಳನ್ನು ಹಾಗೇ ಉಳಿಸಿ ಆಕಾರ, ಹುಳಿ, ಖಾರ, ಗರಿಗರಿತನಗಳನ್ನು ಬದಲಿಸುತ್ತ ಹೋಗಬೇಕು. ಒಂದರ ಬದಲು ಇನ್ನೊಂದನ್ನು ಎಷ್ಟು ತೂಕದಲ್ಲಿ ಬಳಸಬಹುದೆಂಬ ಪಟ್ಟಿಯನ್ನು ಆಹಾರತಜ್ಞರು ಕೊಡುತ್ತಾರೆ.

ಅದೃಷ್ಟಕ್ಕೆ ನಮ್ಮ ಅಡುಗೆಯಲ್ಲಿ ಇದಕ್ಕೆ ಒದಗುವ ಸಾಮಾನು ಬೇಕಾದಷ್ಟಿದೆ. ಹೂಕೋಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಸಾಸಿವೆ, ಕರಿಬೇವು, ಅರಿಶಿನದ ಒಗ್ಗರಣೆಯಲ್ಲಿ ಬಾಡಿಸಿ, ತೂಗಿದ ನಾಲ್ಕಾರು ಕಡಲೆಕಾಯಿ ಬೀಜ ಸೇರಿಸಿ ನಾಲ್ಕು ಹನಿ ನಿಂಬೆರಸ ಹಿಂಡಿದರೆ ನೋಟಕ್ಕೂ ವಾಸನೆಗೂ ಚಿತ್ರಾನ್ನವೇ. ಕಡಲೆಬೇಳೆ, ಉದ್ದಿನಬೇಳೆ ಮಾತ್ರ ಒಗ್ಗರಣೆಗೆ ಬೇಡ. ಉತ್ತರ ಕರ್ನಾಟಕದವರ ಮನೆಯ ಅಗಸೆ ಬೀಜದಲ್ಲಿ ಕೊಬ್ಬು ಹೆಚ್ಚು, ಶರ್ಕರಪಿಷ್ಟದ ಬಹುಪಾಲು ಜೀರ್ಣವಾಗದ ನಾರು. ಅದರ ಪುಡಿಗೆ ಬಿಸಿನೀರು ಹಾಕಿದರೆ ತಾನೇ ಅಂಟು ಬರುತ್ತದೆ; ತೆಂಗಿನತುರಿ, ಜೀರಿಗೆ ಸೇರಿಸಿ ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿದರೆ ರೊಟ್ಟಿ. ಮೇಲೆ ಬೆಣ್ಣೆ. ಜೊತೆಗೆ ಅಳೆದ ಗುರೆಳ್ಳು ಚಟ್ನಿಪುಡಿ.

ಮೊಟ್ಟೆಯನ್ನು ದಪ್ಪ ಕಾಯಿಹಾಲಿನಲ್ಲಿ ಕದಡಿ ತೆಳ್ಳಗೆ ಹುಯ್ದರೆ ದೋಸೆ. ಅದಕ್ಕೆ ಹುರಿಗಡಲೆ ಹಾಕದ ಕಾಯಿಚಟ್ನಿ. ಬೂದುಗುಂಬಳದ ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆ ಬಿಟ್ಟು ಕಾಯಿ, ಹಸಿಮೆಣಸು, ಜೀರಿಗೆ ಅರೆದು, ಮೊಸರನ್ನು ಅಳತೆಯಷ್ಟೇ ಹಾಕಿದರಾಯಿತು. ಸೋರೆಕಾಯಿಯನ್ನು ಕಾಯಿಹಾಲಿನಲ್ಲೇ ಬೇಯಿಸಬಹುದು. ಪನೀರನ್ನು ಬೆರಳುದ್ದ ಕತ್ತರಿಸಿ ತುಪ್ಪದಲ್ಲಿ ಕೆಂಪಗೆ ಹುರಿದರೆ ಮಕ್ಕಳಿಗೆ ಅದೇ ಚಿಪ್ಸ್. ಮಾಂಸ ತಿನ್ನುವ ಮನೆಗಳಲ್ಲಿ ಚರ್ಮ ಸಮೇತದ ಕೋಳಿ, ರವೆ ಹಿಟ್ಟು ಸವರದೆ ತೆಂಗಿನೆಣ್ಣೆಯಲ್ಲಿ ಹುರಿದ ಬೂತಾಯಿ ಮೀನು. ಹುಟ್ಟುಹಬ್ಬದ ದಿನ ಕಾಯಿಹಾಲು, ಕೆನೆ, ಏಲಕ್ಕಿ ಸೇರಿಸಿ ಸ್ಟೀಲ್ ಬಟ್ಟಲಲ್ಲಿ ಹೆಪ್ಪುಗಟ್ಟಿಸಿದ ಕುಲ್ಫಿ. ಸಿಹಿಗೆ ಆಹಾರತಜ್ಞರು ಒಪ್ಪಿದ ಬದಲಿ ಸಿಹಿ ಮಾತ್ರ.

ಸಣ್ಣ ಸಂಗತಿಗಳು ಇಲ್ಲಿ ದೊಡ್ಡವು. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ; 24 ಡಿಗ್ರಿಗಿಂತ ಕೆಳಗೆ ಅದರ ಸ್ವಭಾವವೇ ಹಾಗೆ. ಊಟದ ಡಬ್ಬಿಗೆ ಅಂಟಿ ಉಳಿದದ್ದು ಐದೇ ಗ್ರಾಂ ಆದರೂ ಔಷಧದ ಅಷ್ಟು ಭಾಗ ಹೊಟ್ಟೆಗೆ ಹೋಗಲಿಲ್ಲ. ಹಾಗಾಗಿ ತಟ್ಟೆಯನ್ನು ಬಳಿದು ತಿನ್ನಿಸಬೇಕು. ಕೆಲಸಕ್ಕೆ ಹೋಗುವ ತಾಯಿಗೆ ಬೆಳಗಿನ ಹೊತ್ತು ತೂಗುತ್ತ ಕೂರಲು ಪುರುಸೊತ್ತಿರುವುದಿಲ್ಲ. ಅಗಸೆ ಪುಡಿ, ಕಡಲೆಕಾಯಿ, ಕೊಬ್ಬರಿಗಳನ್ನು ಭಾನುವಾರವೇ ಒಂದೊಂದು ಊಟದ ಅಳತೆಗೆ ಪೊಟ್ಟಣ ಕಟ್ಟಿಟ್ಟರೆ ಅಜ್ಜಿಯೂ ಬಡಿಸಬಲ್ಲರು.

ಪ್ರೀತಿಯ ಒಂದು ತುತ್ತು

ಈ ಪಥ್ಯಕ್ಕೆ ಅಪಾಯ ಬರುವುದು ಹೆಚ್ಚಾಗಿ ಪ್ರೀತಿಯಿಂದ. ಅಳುವ ಮಗುವಿನ ಬಾಯಿಗೆ ಅಜ್ಜಿ ಇಡುವ ಒಂದು ತುತ್ತು ಮುದ್ದೆ, ಪಕ್ಕದ ಮನೆಯವರ ಬಿಸ್ಕತ್ತು, ದೇವಸ್ಥಾನದ ಸಿಹಿ ಪ್ರಸಾದ, ತರಗತಿಯಲ್ಲಿ ಯಾರದೋ ಹುಟ್ಟುಹಬ್ಬದ ಚಾಕೊಲೇಟ್. ಗ್ಲೂಕೋಸ್ ಸಿಕ್ಕ ಕೂಡಲೇ ದೇಹ ಕೀಟೋನ್ ತಯಾರಿಕೆಯನ್ನು ಕೈಬಿಡುತ್ತದೆ. ಹತೋಟಿಗೆ ಬಂದಿದ್ದ ಫಿಟ್ಸ್ ಅಂದೇ ಮರಳಬಹುದು. 'ಒಂದು ತುತ್ತಿಗೇನಾಗುತ್ತೆ?' ಎನ್ನುವವರಿಗೆ, 'ಆ ಒಂದು ತುತ್ತು ಇಂದಿನ ಮಾತ್ರೆ ತಪ್ಪಿಸಿದ ಹಾಗೆ' ಎಂದು ಬಿಡಿಸಿ ಹೇಳಬೇಕು. ಗದರಿಸಿದರೆ ಅಜ್ಜಿ ಕದ್ದು ಕೊಡುತ್ತಾರೆ. ಅರ್ಥವಾದರೆ ಅವರೇ ಕಾವಲಾಗುತ್ತಾರೆ.

ಕಣ್ಣಿಗೆ ಕಾಣದ ಸಕ್ಕರೆಯೂ ಇದೆ. ಕೆಮ್ಮಿನ, ಜ್ವರದ ಸಿರಪ್ಪುಗಳಲ್ಲಿ ಸಕ್ಕರೆಯ ಪಾಕವಿರುತ್ತದೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಹಿಟ್ಟು ಬೆರೆತಿರುತ್ತದೆ. ಹುಣಸೆಹಣ್ಣಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಶರ್ಕರಪಿಷ್ಟವೇ. 'ಶುಗರ್ ಫ್ರೀ' ಎಂದು ಬರೆದ ತಿನಿಸಿನಲ್ಲೂ ಪಿಷ್ಟ ಇರಬಹುದು.

ಶಾಲೆಗೂ ಇದರಲ್ಲಿ ಪಾಲಿದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಉಳಿದ ಮಕ್ಕಳಿಗೆ ಬಲ, ಈ ಮಗುವಿಗೆ ಲೆಕ್ಕ ಮೀರಿದ ಸಕ್ಕರೆ. ಸರ್ಕಾರಿ ಶಾಲೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆ ಲೆಕ್ಕದೊಳಗೆ ಸೇರಬಹುದು. ಬದಲಿಗೆ ಕೊಡುವ ಬಾಳೆಹಣ್ಣು ಸೇರಲಾರದು. ವೈದ್ಯರ ಚೀಟಿಯ ಪ್ರತಿಯೊಂದನ್ನು ಮುಖ್ಯೋಪಾಧ್ಯಾಯರಿಗೂ ಬಿಸಿಯೂಟದ ಸಿಬ್ಬಂದಿಗೂ ಕೊಟ್ಟಿಡುವುದು ಒಳ್ಳೆಯದು. ಮಗುವನ್ನು ಪಂಕ್ತಿಯಿಂದ ಎಬ್ಬಿಸಿ ದೂರ ಕೂರಿಸುವ ಅಗತ್ಯ ಮಾತ್ರ ಇಲ್ಲ. ತನ್ನ ಡಬ್ಬಿಯೊಡನೆ ಎಲ್ಲರ ಜೊತೆ ಕೂತು ಉಣ್ಣಲಿ.

ಎಚ್ಚರ ಬೇಕಾದಲ್ಲಿ

ಮನೆಯವರು ತಾವೇ ಓದಿಕೊಂಡು ಆರಂಭಿಸಬಾರದ ಚಿಕಿತ್ಸೆ ಇದು. ಕೊಬ್ಬನ್ನು ಬಳಸುವ ಶಕ್ತಿಯೇ ಇಲ್ಲದ ಕೆಲವು ಹುಟ್ಟುರೋಗಗಳಲ್ಲಿ ಇದು ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಮೊದಲು ರಕ್ತ, ಮೂತ್ರಗಳ ಪರೀಕ್ಷೆ ಆಗಬೇಕು. ಮಲಬದ್ಧತೆ, ವಾಂತಿ, ಮೂತ್ರಪಿಂಡದ ಕಲ್ಲು, ರಕ್ತದಲ್ಲಿ ಕೊಬ್ಬಿನ ಏರಿಕೆ, ಬೆಳವಣಿಗೆ ನಿಧಾನವಾಗುವುದು ಇದರ ತೊಂದರೆಗಳು. ನೀರು ಚೆನ್ನಾಗಿ ಕುಡಿಸಬೇಕು, ವಿಟಮಿನ್ ಮತ್ತು ಕ್ಯಾಲ್ಸಿಯಂ ಬೇರೆಯಾಗಿ ಕೊಡಬೇಕು. ಎತ್ತರ ತೂಕಗಳನ್ನು ಆಗಾಗ ನೋಡಿಸಬೇಕು. ಮಗು ಮಂಕಾಗಿ ಮಲಗಿದರೆ, ಉಸಿರು ಜೋರಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇರೆ ಯಾವ ಕಾಯಿಲೆಗೆ ದಾಖಲಾದರೂ ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನವೇ ಪಥ್ಯದ ವಿಷಯ ತಿಳಿಸಬೇಕು. ಫಿಟ್ಸ್ ನಿಂತಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಪಥ್ಯ ಜೀವಮಾನವಿಡೀ ಅಲ್ಲ. ಸಾಮಾನ್ಯವಾಗಿ ಮೂರು ತಿಂಗಳು ನೋಡುತ್ತಾರೆ. ಗುಣ ಕಾಣದಿದ್ದರೆ ಬಿಡಿಸುತ್ತಾರೆ. ಕಂಡರೆ ಸುಮಾರು ಎರಡು ವರ್ಷ ನಡೆಸಿ ನಿಧಾನವಾಗಿ ಮಾಮೂಲಿ ಊಟಕ್ಕೆ ತರುತ್ತಾರೆ. ಫಿಟ್ಸ್ ಬಂದ ದಿನ, ಹೊತ್ತು, ತಿಂದ ಊಟ, ಮೂತ್ರದಲ್ಲಿ ಕೀಟೋನ್ ತೋರಿಸುವ ಪಟ್ಟಿಯ ಬಣ್ಣ, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮೂರು ತಿಂಗಳ ಕೊನೆಗೆ ವೈದ್ಯರ ತೀರ್ಮಾನಕ್ಕೆ ಅದೇ ಆಧಾರ.

ಎರಡು ವರ್ಷ ಎಂದರೆ ದಿನಕ್ಕೆ ಮೂರರಂತೆ ಎರಡು ಸಾವಿರಕ್ಕೂ ಹೆಚ್ಚು ಊಟ. ಅಷ್ಟನ್ನೂ ಒಬ್ಬಳೇ ತಾಯಿ ತೂಗಿ, ಬೇಯಿಸಿ, ಬಳಿದು ತಿನ್ನಿಸಲು ಹೊರಟರೆ ಮಗುವಿಗಿಂತ ಮೊದಲು ಅವಳೇ ಸೋಲುತ್ತಾಳೆ. ಗಂಡ ತಕ್ಕಡಿ ಹಿಡಿಯಲಿ, ಅಣ್ಣನೋ ಅಕ್ಕನೋ ನೋಟ್‌ಬುಕ್ ಬರೆಯಲಿ, ಅಜ್ಜಿ ಪೊಟ್ಟಣ ಕಟ್ಟಲಿ. ಮನೆಯವರೆಲ್ಲ ಹೀಗೆ ಕೈಜೋಡಿಸಿದರೆ ಮೂರು ತಿಂಗಳ ಪರೀಕ್ಷೆಯಾದರೂ ಸರಿಯಾಗಿ ನಡೆಯುತ್ತದೆ, ಈ ಪಥ್ಯ ತಮ್ಮ ಮಗುವಿಗೆ ಆಗಿಬರುತ್ತದೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯುತ್ತದೆ.